ಹುಡುಗರ ಕೈಗೆ ಲೆಕ್ಕದ ಪುಸ್ತಕ



ಹಳ್ಳ ಶುಚಿ ಮಾಡುವುದಿದ್ದರೆ, ಸಸಿ ನೆಡುವುದಿದ್ದರೆ ನಮಗೆ ಊರ ಹುಡುಗರ ನೆನಪಾಗುತ್ತದೆ. ಹಳ್ಳ ಕೆಟ್ಟಿದ್ದೇಕೆ ಎಂದು ವಿಚಾರಿಸುವ ಸಭೆಗೆ ಮಾತ್ರ ಅವರನ್ನು ಕರೆಯುವುದಿಲ್ಲ. ಈ ರೂಢಿ ತಪ್ಪೆಂದು ನಮಗೆ ತಿಳಿದದ್ದು ತಡವಾಗಿ.

ಶಿರಸಿ ತಾಲೂಕಿನ ಸಾಲ್ಕಣಿ ಅಡಿಕೆ ಬೆಳೆಯುವ ಸೀಮೆ. 1983ರ ಸೆಪ್ಟೆಂಬರ್ 8ರಂದು ಆ ಭಾಗದ ಯುವಕರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. 38 ದಿನ ಪಟ್ಟು ಬಿಡಲಿಲ್ಲ. ಕಡಿಯುವ ಆಜ್ಞೆ ಹಿಂದಕ್ಕೆ ಹೋಯಿತು. ಹಿಮಾಲಯದ ಚಿಪ್ಕೋದಿಂದ ಪ್ರೇರಣೆ ಪಡೆದ ಇದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಒಯ್ದರು.

ಮರ ಅಪ್ಪಿದ ಚಿತ್ರ ಎಲ್ಲರೂ ಬಲ್ಲರು. ನಮಗೆ ಅದರ ಹಿಂದಿನ ಕೆಲಸ ಹೆಚ್ಚು ಮುಖ್ಯವೆನಿಸುತ್ತದೆ. ಯುವಕ ಮಂಡಳಿಯವರು ಅರಣ್ಯ ಇಲಾಖೆಗೆ ಮನವಿ ಬರೆದರು. ಕಾಡಿಗೆ ಹೋಗಿ ಕಣ್ಣಾರೆ ನೋಡಿದರು. ಎಕರೆಗೆ ಎರಡೇ ಮರ ಎಂಬುದು ಇಲಾಖೆಯ ಲೆಕ್ಕ. ಒಂದು ದೊಡ್ಡ ಮರ ಉರುಳುವಾಗ ಸುತ್ತಲಿನ ಮರಗಳು ಮುರಿಯುವುದು ಆ ಲೆಕ್ಕದಲ್ಲಿ ಇರಲಿಲ್ಲ. ಅಲ್ಲಿನ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಬೆಟ್ಟ ಬೋಳು ಮಾಡಿದವರಲ್ಲಿ ತೋಟಿಗರೂ ಇದ್ದರು (ಹೇಳಲು ಮುಜುಗರ, ಆದರೂ ನಿಜ). ಆದ್ದರಿಂದಲೇ ಚಳವಳಿಯು ಉಳಿಸುವುದರ ಜೊತೆಗೆ ಬೆಳೆಸುವುದನ್ನೂ ಹದವರಿತು ಬಳಸುವುದನ್ನೂ ಹೇಳಿತು.

ಇನ್ನು ನಮ್ಮ ಮನೆಯ ಮಾತು. ಮಲಪ್ರಭೆ ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಪಾರಿಶ್ವಾಡದ ಕಡೆಯ ಹಳ್ಳಗಳು ಕೊನೆಗೆ ಸೇರುವುದು ಅವಳನ್ನೇ. ನವಿಲುತೀರ್ಥದ ಆಣೆಕಟ್ಟಿನಿಂದ ಹುಬ್ಬಳ್ಳಿ ಧಾರವಾಡದವರು ಕುಡಿಯುವುದೂ ಈ ನೀರನ್ನೇ.

ಕೆಲವು ವರ್ಷಗಳ ಹಿಂದೆ ಹಳ್ಳದ ದಂಡೆಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಕೊಳೆತು ನಾರುತ್ತಿತ್ತು. ನಾವು ಶ್ರಮದಾನ ಏರ್ಪಡಿಸಿದೆವು. ಹುಡುಗರು ದಿನವಿಡೀ ಎತ್ತಿದರು. ಚಹಾ, ಅವಲಕ್ಕಿ ಕೊಟ್ಟು ಫೋಟೋ ತೆಗೆಸಿದೆವು. ಮುಂದಿನ ವರ್ಷ ಅಡಿಕೆ ಸುಲಿಯುವ ಕಾಲಕ್ಕೆ ಸಿಪ್ಪೆ ಮತ್ತೆ ಅಲ್ಲೇ ಬಿತ್ತು. ಅದರಲ್ಲಿ ನಮ್ಮ ಗಾಡಿಯದೂ ಪಾಲಿತ್ತು. ಸಂಘದ ಸಭೆಯಲ್ಲಿ ಒಬ್ಬ ಹುಡುಗ ಎದ್ದು, “ಯಾರ ಗಾಡಿ ಯಾವತ್ತ ಬಂತು ಅಂತ ಬರದಿಟ್ಟೇನ್ರಿ, ಓದ್ಲೇನು?” ಎಂದ. ಯಾರೂ ಹೂಂ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಅವನೀಗ ಪುಣೆಯಲ್ಲಿದ್ದಾನೆ.

ಸಿಪ್ಪೆ ಬೇಗ ಕರಗುವ ವಸ್ತುವಲ್ಲ. ನೆರಳಲ್ಲಿ ಗುಂಡಿ ತೆಗೆದು, ಸಗಣಿ ನೀರು ಬೆರೆಸಿ, ಆಗಾಗ ತಿರುವಿಹಾಕಿ, ತಿಂಗಳುಗಟ್ಟಲೆ ತೇವ ಆರದಂತೆ ನೋಡಿಕೊಂಡರೆ ಗೊಬ್ಬರವಾಗುತ್ತದೆ. ಕಾಫಿ ಹಣ್ಣು ಪಲ್ಪ್ ಮಾಡಿದ ನೀರು ಹುಳಿಯಾಗಿ, ಹಳ್ಳದ ನೀರಿನ ಆಮ್ಲಜನಕವನ್ನೇ ಹೀರಿ ಮೀನು ಸಾಯಿಸುತ್ತದೆ. ಅದನ್ನು ಹೊಂಡದಲ್ಲಿ ತಡೆದು ಸುಣ್ಣ ಹಾಕತಕ್ಕದ್ದು. ಹುಳಿ ಇಳಿಯಿತೇ ಇಲ್ಲವೇ ಎಂಬುದನ್ನು ಲಿಟ್ಮಸ್ ಕಾಗದ ಹಿಡಿದು ಹೈಸ್ಕೂಲು ಹುಡುಗಿಯೂ ಹೇಳಬಲ್ಲಳು. ಹೇಳಿದ್ದನ್ನು ಬರೆದುಕೊಳ್ಳಲಿ, ತಾರೀಖು ಹಾಕಲಿ.

ಬರೆದದ್ದಕ್ಕೆ ಬೆಲೆ ಬರುವ ಜಾಗವೂ ಉಂಟು. 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಗೆ ಸೇರಿದ ಹದಿನೆಂಟರ ಹುಡುಗನಿಗೂ ನಮ್ಮಷ್ಟೇ ಹಕ್ಕು. ಅದಕ್ಕಿಂತ ಚಿಕ್ಕವರಿಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ನಮ್ಮ ಹೆಸರು ಬಂದರೆ ಮನೆಗೆ ಹೋಗಿ ಗದರಿಸದಿರೋಣ.

ಸಂಘದ ಮುಂದಿನ ಸಭೆಯಲ್ಲಿ ಹಳ್ಳದ ಪುಸ್ತಕವನ್ನು ಹುಡುಗರಿಂದಲೇ ಓದಿಸಲಾಗುವುದು. ನಮ್ಮ ಗಾಡಿಯ ಲೆಕ್ಕ ಮೊದಲು ಬರಲಿ ಎಂದು ತಿಳಿಸಿದ್ದೇವೆ.