ಅವಧಿ ಮೀರಿದ ಡೊಮೇನ್ ಹೆಸರು ಯಾರ ಸ್ವತ್ತು?

ವರ್ತಕ ಬಾಂಧವರು ಮಳಿಗೆಯ ಪರವಾನಗಿ, ಸರಕಿನ ವಿಮೆ, ಬ್ಯಾಂಕಿನ ಸಾಲಪತ್ರ ಇವುಗಳ ಅವಧಿ ಮುಗಿಯುವ ದಿನವನ್ನು ತಪ್ಪದೆ ನೆನಪಿನಲ್ಲಿಡುತ್ತಾರೆ. ಆದರೆ ಸಂಸ್ಥೆಯ ಡೊಮೇನ್ ಹೆಸರಿನ ಅವಧಿ ಎಂದು ಮುಗಿಯುತ್ತದೆಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಇಳಕಲ್ಲಿನ ಸೀರೆ ವ್ಯಾಪಾರಿಗಳು, ಗ್ರಾನೈಟ್ ರಫ್ತುದಾರರು, ಬಾದಾಮಿ, ಪಟ್ಟದಕಲ್ಲುಗಳ ಪ್ರವಾಸಿಗರನ್ನು ನೆಚ್ಚಿದ ವಸತಿಗೃಹಗಳ ಮಾಲೀಕರು ಇಂದು ಈ ಹೆಸರಿನ ಮೂಲಕವೇ ಬೇಡಿಕೆಗಳನ್ನು ಪಡೆಯುತ್ತಿದ್ದಾರೆ. ಅವಧಿ ಮೀರಿದ ಹೆಸರನ್ನು ನೋಂದಣಿ ಸಂಸ್ಥೆಯೇ ತನ್ನಲ್ಲಿ ಹಿಡಿದಿಟ್ಟುಕೊಂಡರೆ ಮೂಲ ನೋಂದಣಿದಾರನಿಗೆ ಯಾವ ಹಕ್ಕು ಉಳಿಯುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಡೊಮೇನ್ ಹೆಸರನ್ನು ನಾವು ಕೊಂಡುಕೊಳ್ಳುವುದಿಲ್ಲ. ನಿರ್ದಿಷ್ಟ ಅವಧಿಗೆ, ಹೆಚ್ಚೆಂದರೆ ಒಮ್ಮೆಗೆ 10 ವರ್ಷಗಳಿಗೆ, ಕರಾರಿನ ಮೂಲಕ ಬಳಕೆಯ ಹಕ್ಕನ್ನು ಪಡೆಯುತ್ತೇವೆ. ಇದು ಗೇಣಿ ಪತ್ರವಿದ್ದಂತೆ, ಖರೀದಿ ಪತ್ರವಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ವೆರಿಸೈನ್ ಸಂಸ್ಥೆಯಲ್ಲಿದೆ. ನಮ್ಮಿಂದ ಹಣ ಪಡೆಯುವ ನೋಂದಣಿ ಸಂಸ್ಥೆ ಅಂದರೆ ರಿಜಿಸ್ಟ್ರಾರ್ ನಡುವಿನವನು. ಇವರೆಲ್ಲರಿಗೂ ನಿಯಮ ರೂಪಿಸುವುದು ಐಕ್ಯಾನ್.

ಅವಧಿ ಮುಗಿದ ದಿನವೇ ಹೆಸರು ಅಳಿಸಿಹೋಗುವುದಿಲ್ಲ. ಮೂಲ ದಾಖಲೆಯಲ್ಲಿ ಅದು ತಾನಾಗಿಯೇ ಒಂದು ವರ್ಷಕ್ಕೆ ನವೀಕರಣಗೊಂಡು, ಶುಲ್ಕ ರಿಜಿಸ್ಟ್ರಾರನ ಲೆಕ್ಕಕ್ಕೆ ಖರ್ಚು ಬೀಳುತ್ತದೆ. 45 ದಿನಗಳೊಳಗೆ ಆತ ಹೆಸರನ್ನು ಅಳಿಸಿದರೆ ಆ ಶುಲ್ಕ ಅವನಿಗೆ ಮರಳುತ್ತದೆ. ಹೀಗೆ ಅಳಿಸಿದ ಹೆಸರಿಗೆ ಮತ್ತೆ 30 ದಿನಗಳ ವಿಮೋಚನಾ ಕಾಲವುಂಟು. ಆ ಕಾಲದಲ್ಲಿ ಹಳೆಯ ನೋಂದಣಿದಾರನೊಬ್ಬನೇ, ಸಾಮಾನ್ಯ ಶುಲ್ಕದ ಹಲವು ಪಟ್ಟು ತೆತ್ತು, ಹೆಸರನ್ನು ಬಿಡಿಸಿಕೊಳ್ಳಬಹುದು. ಅದೂ ಕಳೆದ ಮೇಲೆ 5 ದಿನಗಳಿಗೆ ಹೆಸರು ಬಯಲಿಗೆ ಬರುತ್ತದೆ.

ವಿವಾದದ ಬೇರು ಇರುವುದು ಮೊದಲ 45 ದಿನಗಳಲ್ಲಿ. ಬೆಲೆ ಬಾಳುವ ಹೆಸರನ್ನು ಅಳಿಸುವ ಬದಲು ಹರಾಜಿಗಿಡಲು ಇಲ್ಲವೇ ತಾನೇ ಇರಿಸಿಕೊಳ್ಳಲು ರಿಜಿಸ್ಟ್ರಾರನಿಗೆ ಅಧಿಕಾರ ನೀಡುವ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ನಾವು ಓದದೆಯೇ ಒಪ್ಪಿಗೆಯ ಗುರುತು ಹಾಕಿರುತ್ತೇವೆ. ಹೆಸರು ಅಳಿಸಲ್ಪಡದೆ ನೇರವಾಗಿ ಹೊಸಬನಿಗೆ ವರ್ಗವಾದರೆ ವಿಮೋಚನಾ ಕಾಲದ ಪ್ರಶ್ನೆಯೇ ಏಳುವುದಿಲ್ಲ! ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ದೊಡ್ಡ ಲೋಪವಿದು. ಕಾವಲುಗಾರನಿಗೇ ಫಸಲಿನ ಪಾಲು ಬರೆದುಕೊಟ್ಟಂತಾಗಿದೆ.

2013ರ ಆಗಸ್ಟ್ 31ರಿಂದ ಜಾರಿಯಾದ ಐಕ್ಯಾನ್ ನೀತಿ ಕೊಂಚ ರಕ್ಷಣೆ ಒದಗಿಸಿದೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಹಾಗೂ ಒಂದು ವಾರ ಮೊದಲು, ಮುಗಿದ ನಂತರ 5 ದಿನಗಳೊಳಗೆ ಮತ್ತೊಮ್ಮೆ ತಿಳಿವಳಿಕೆ ನೀಡುವುದು ಕಡ್ಡಾಯ. ನವೀಕರಣ ಮತ್ತು ವಿಮೋಚನೆಯ ಶುಲ್ಕಗಳನ್ನು ಪ್ರಕಟಿಸಲೇಬೇಕು. ಇವು ಪಾಲನೆಯಾಗದಿದ್ದರೆ ಐಕ್ಯಾನ್‌ನ ಕರಾರು ಪಾಲನಾ ವಿಭಾಗಕ್ಕೆ ಉಚಿತವಾಗಿ ದೂರು ಸಲ್ಲಿಸಬಹುದು. ಆದರೆ ತಿಳಿವಳಿಕೆ ಹೋಗುವುದು ದಾಖಲೆಯಲ್ಲಿರುವ ಇ-ಮೇಲ್ ವಿಳಾಸಕ್ಕೆ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಪೇಟೆ ನವನಗರಕ್ಕೆ ಸರಿದಾಗ ಹಳೆಯ ವಿಳಾಸಕ್ಕೆ ಬಂದ ಪತ್ರಗಳನ್ನು ತಲುಪಿಸಲು ಪರಿಚಿತ ಅಂಚೆಯಣ್ಣನಾದರೂ ಇದ್ದ. ಅಂತರ್ಜಾಲದಲ್ಲಿ ಆ ಅನುಕೂಲವಿಲ್ಲ.

ಹಣ ಕಟ್ಟಿದ ಮಾತ್ರಕ್ಕೆ ನಿಶ್ಚಿಂತೆ ಎಂದೂ ತಿಳಿಯಬಾರದು. ಅಮೆರಿಕದ ರಿಜಿಸ್ಟರ್‌ಫ್ಲೈ ಸಂಸ್ಥೆಯ ಗ್ರಾಹಕರು ಶುಲ್ಕ ಸಲ್ಲಿಸಿದ್ದರೂ ನವೀಕರಣವಾಗದೆ ಹೆಸರುಗಳನ್ನು ಕಳೆದುಕೊಂಡರು. 2007ರಲ್ಲಿ ಐಕ್ಯಾನ್ ಅದರ ಮಾನ್ಯತೆಯನ್ನು ರದ್ದುಪಡಿಸಿತು. ಅದರ ಹೆಸರುಗಳು ಗೋಡ್ಯಾಡಿ ಸಂಸ್ಥೆಗೆ ವರ್ಗವಾದವು. ಇನ್ನು ಮರೆವು ದೊಡ್ಡವರನ್ನೂ ಬಿಟ್ಟಿಲ್ಲ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ 35 ಡಾಲರ್ ಶುಲ್ಕವನ್ನು ಕಟ್ಟದೆ ಹಾಟ್‌ಮೇಲ್ ಬಳಕೆದಾರರು ಪರದಾಡಿದಾಗ, ಒಬ್ಬ ಪ್ರೋಗ್ರಾಮರ್ ತನ್ನ ಕಿಸೆಯಿಂದ ಹಣ ಕಟ್ಟಿದ್ದನು.

ನಮ್ಮ ನ್ಯಾಯಾಲಯಗಳ ನಿಲುವನ್ನು ತಿಳಿಯಲು ಕರ್ನಾಟಕದಲ್ಲೇ ಹುಟ್ಟಿದ ಸತ್ಯಂ ಇನ್ಫೋವೇ ವಿರುದ್ಧ ಸಿಫಿನೆಟ್ ಸೊಲ್ಯೂಷನ್ಸ್ ಪ್ರಕರಣವನ್ನು ನೋಡಬೇಕು. ಅದು ಅವಧಿ ಮೀರಿದ ಹೆಸರಿನ ಪ್ರಕರಣವಲ್ಲ, ಸಾಮ್ಯವುಳ್ಳ ಹೆಸರಿನದು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ನೀಡಿದ್ದ ತಾತ್ಕಾಲಿಕ ತಡೆಯಾಜ್ಞೆಯನ್ನು ಹೈಕೋರ್ಟ್ ತೆಗೆದುಹಾಕಿತ್ತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಊರ್ಜಿತಗೊಳಿಸಿ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಅದಕ್ಕೆ ಗುಡ್‌ವಿಲ್‌ನ ರಕ್ಷಣೆಯುಂಟು ಎಂದು ತೀರ್ಮಾನಿಸಿತು. ಆದ್ದರಿಂದ ನಮ್ಮ ಹಳೆಯ ಹೆಸರನ್ನು ಹಿಡಿದು ನಮ್ಮ ಗಿರಾಕಿಗಳನ್ನು ವಂಚಿಸುವವನ ಮೇಲೆ ದಾವೆ ಹೂಡಲು ಅವಕಾಶವಿದೆ.

ನ್ಯಾಯಾಲಯದ ಹೊರಗೆ, ಡಾಟ್ ಕಾಮ್ ಹೆಸರಿಗೆ ಐಕ್ಯಾನ್‌ನ ಏಕರೂಪ ವಿವಾದ ನೀತಿಯನ್ವಯ ವೈಪೋ ಮುಂತಾದೆಡೆ ದೂರು ಸಲ್ಲುತ್ತದೆ. ಐದರವರೆಗಿನ ಹೆಸರುಗಳಿಗೆ ಏಕ ಸದಸ್ಯರ ಮುಂದೆ ವೈಪೋ ಶುಲ್ಕ 1,500 ಡಾಲರ್. ಹೆಸರಿನ ವರ್ಗಾವಣೆ ಅಥವಾ ರದ್ದತಿ ಮಾತ್ರ ದೊರೆಯುತ್ತದೆ, ನಷ್ಟ ಪರಿಹಾರವಿಲ್ಲ. ಎದುರಾಳಿ ದುರುದ್ದೇಶದಿಂದ ನೋಂದಾಯಿಸಿದ್ದಾನೆ, ದುರುದ್ದೇಶದಿಂದ ಬಳಸುತ್ತಲೂ ಇದ್ದಾನೆ ಎಂದು ಎರಡನ್ನೂ ಸಾಧಿಸಬೇಕು. ಡಾಟ್ ಇನ್ ಹೆಸರಿಗೆ ನಿಕ್ಸಿಯ ನೀತಿ ಅನ್ವಯಿಸುತ್ತದೆ. ಅಲ್ಲಿ ಇವೆರಡರಲ್ಲಿ ಒಂದು ಸಾಬೀತಾದರೂ ಸಾಕು, ಮಧ್ಯಸ್ಥಗಾರರು ತೀರ್ಪು ನೀಡುತ್ತಾರೆ.

ನಮ್ಮ ಭಾಗದವರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಎರಡು ವೇದಿಕೆಗಳಲ್ಲೂ ದೂರುದಾರನಿಗೆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಅಥವಾ ಅದಕ್ಕೆ ಸಮನಾದ ಹಕ್ಕಿರಬೇಕು. ಇಳಕಲ್ಲಿನ ವರ್ತಕರೊಬ್ಬರು ಊರಿನ ಹೆಸರಿಗೆ ಸೀರೆ ಎಂಬ ಪದ ಜೋಡಿಸಿ ಡೊಮೇನ್ ಪಡೆದು, ನವೀಕರಿಸದೆ ಬಿಟ್ಟರೆಂದು ಭಾವಿಸೋಣ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ ನಿಜ. ಆದರೆ ಅದು ಉತ್ಪಾದಕ ಸಮುದಾಯಕ್ಕೆ ಸೇರಿದ್ದು, ಒಬ್ಬ ವ್ಯಾಪಾರಿಯ ಸ್ವಂತದ್ದಲ್ಲ. ಪಟ್ಟದಕಲ್ಲಿನ ಹೆಸರು ಹೊತ್ತ ವಸತಿಗೃಹದ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಇಂಥ ಹೆಸರು ಕೈತಪ್ಪಿದರೆ ಮರಳಿ ಪಡೆಯುವುದು ಬಹು ಕಷ್ಟ. ಮನೆತನದ ಹೆಸರನ್ನೋ ವಿಶಿಷ್ಟ ಗುರುತನ್ನೋ ಸೇರಿಸಿ, ಅದನ್ನು ಟ್ರೇಡ್‌ಮಾರ್ಕ್ ಆಗಿಯೂ ನೋಂದಾಯಿಸಿದವರ ವಾದಕ್ಕೆ ಬಲವಿರುತ್ತದೆ.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಒಂದೆರಡು ಮಾತು. ಹಲವು ವರ್ಷಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದ್ದರೆ ಮುಂದಿನ ವರ್ಷಗಳ ಪಾಲನ್ನು ಮುಂಗಡ ಪಾವತಿಯೆಂದು ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಬೇಕು. ಹಾಗೆ ತೋರಿಸಿದಾಗ ಅವಧಿ ಮುಗಿಯುವ ದಿನಾಂಕ ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆಂಬುದು ಇನ್ನೊಂದು ಲಾಭ. ಡೊಮೇನ್ ನೋಂದಣಿ ಶುಲ್ಕ ರಾಯಧನವೇ ಎಂಬ ಪ್ರಶ್ನೆಗೆ 2018ರಲ್ಲಿ ದೆಹಲಿಯ ಆದಾಯ ತೆರಿಗೆ ನ್ಯಾಯಮಂಡಳಿ ಹೌದೆಂದಿತ್ತು. 2023ರಲ್ಲಿ ದೆಹಲಿ ಹೈಕೋರ್ಟ್ ಅಲ್ಲವೆಂದಿತು.

ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಈ ವಾರವೇ ಪರಿಶೀಲಿಸಿರಿ. ಜಾಲತಾಣ ರಚಿಸಿಕೊಟ್ಟವರ ಹೆಸರಿನಲ್ಲೋ ನಿವೃತ್ತ ಪಾಲುದಾರರ ಇ-ಮೇಲ್‌ನಲ್ಲೋ ಇದ್ದರೆ ಸಂಸ್ಥೆಯ ಹೆಸರಿಗೆ ಬದಲಾಯಿಸಿಕೊಳ್ಳಿರಿ. ಸಂಪರ್ಕಕ್ಕೆ ಕೊಡುವ ಇ-ಮೇಲ್ ಅದೇ ಡೊಮೇನಿನದಾಗಿರಬಾರದು. ಹೆಸರು ನಿಂತ ದಿನ ಆ ಪತ್ರಪೆಟ್ಟಿಗೆಯೂ ನಿಲ್ಲುತ್ತದೆ. ಪಾಲುದಾರಿಕೆ ಪತ್ರದಲ್ಲಿ ಗುಡ್‌ವಿಲ್ ಕುರಿತ ಕಲಮಿನ ಕೆಳಗೆ ಡೊಮೇನ್ ಹೆಸರು ಸಂಸ್ಥೆಗೇ ಸೇರಿದ್ದೆಂದು ಒಂದು ಸಾಲು ಬರೆಸಬೇಕು.