ಹೆಪ್ಪುಗಟ್ಟಿದ ಮೈದಾನಕ್ಕೆ ಮಗನನ್ನು ಇಳಿಸಲೇ?

ಲೀಡ್ಸ್‌ನಿಂದ ಬರೆದಿರುವ ತಾಯಿಗೆ,

ಮೊಬೈಲ್ ತೋರಿಸುವ ಉಷ್ಣಾಂಶವನ್ನು ನಂಬಿ ಹೊರಡಬೇಡಿ. ಅದು 3 ಡಿಗ್ರಿ ಎಂದಾಗಲೂ ನೆಲ ಹೆಪ್ಪುಗಟ್ಟಿರಬಹುದು. ಸ್ಟಡ್ ಇರುವ ಫುಟ್‌ಬಾಲ್ ಬೂಟು ಹಾಕಿಕೊಂಡು ಹಿಮ್ಮಡಿ ಊರಿ, ಮೈಭಾರವನ್ನೆಲ್ಲ ಬಿಟ್ಟು ನೋಡಿ. ಸ್ಟಡ್ ಒಳಗಿಳಿಯದಿದ್ದರೆ ಆಟ ಬೇಡ. ನಡು ವೃತ್ತದಲ್ಲಿ ಮಾತ್ರ ತುಳಿದು ಬಂದರೆ ಸಾಲದು. ಲೀಡ್ಸ್‌ನ ಚಳಿಗಾಲದ ಸೂರ್ಯ ಮಧ್ಯಾಹ್ನವೂ ತಗ್ಗಿನಲ್ಲೇ ಇರುವುದರಿಂದ ಮರ, ಕಟ್ಟಡಗಳ ಉತ್ತರ ಮಗ್ಗುಲಿನ ನೆಲ ದಿನವಿಡೀ ಕರಗದೇ ಉಳಿದೀತು. ಗೋಲಿನ ಮುಂದೆ ಹುಲ್ಲು ಸವೆದ ಜಾಗವನ್ನೂ ನೋಡಿ. ಕಳೆದ ವಾರ ಕೆಸರಿನಲ್ಲಿ ಮೂಡಿದ ಬೂಟಿನ ಗುರುತುಗಳು ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಪಾದ ಉಳುಕುವುದು ಅಲ್ಲೇ.

ನನಗೆ ಹೆಚ್ಚು ಭಯ ಅರ್ಧ ಕರಗಿದ ಮೈದಾನದ್ದು. ಮೇಲೆ ತೆಳ್ಳಗೆ ಕೆಸರು, ಅಡಿಯಲ್ಲಿ ಹೆಪ್ಪು. ನೋಡಲು ಮೆತ್ತಗೆ, ಓಡಿದರೆ ಜಾರಿಕೆ. ಸ್ಕ್ರೂಡ್ರೈವರ್ ಚುಚ್ಚಿದರೆ ಗುಟ್ಟು ಗೊತ್ತಾಗುತ್ತದೆ. ಅಂದಹಾಗೆ, ಕೃತಕ ಹುಲ್ಲೂ ಹೆಪ್ಪುಗಟ್ಟುತ್ತದೆ.

ದೂರದಿಂದ ಬಂದ ತಂಡವನ್ನು ವಾಪಸ್ ಕಳಿಸಲು ನಿಮ್ಮ ಕೋಚ್‌ಗೆ ಸಂಕೋಚ, ನಿಜ. ಅದಕ್ಕೇ ಬೆಳಿಗ್ಗೆ ಬೇಗ ಮೈದಾನ ನೋಡಿ, ಅವರು ಮನೆ ಬಿಡುವ ಮೊದಲೇ ಫೋನ್ ಮಾಡಬೇಕು. ಮೈದಾನ ಕೌನ್ಸಿಲ್‌ನದಾಗಿದ್ದು ಅವರೇ ಮುಚ್ಚಿದ್ದರೆ ಚರ್ಚೆಯೇ ಇಲ್ಲ. ಇಲ್ಲದಿದ್ದರೆ ನಿರ್ಧಾರ ರೆಫರಿಯದು. ಆದರೆ ರೆಫರಿ ಹೂಂ ಅಂದರೂ ಮಗನನ್ನು ಇಳಿಸಲೇಬೇಕೆಂದೇನಿಲ್ಲ. ಹನ್ನೊಂದು ವರ್ಷದ ಹುಡುಗ ಮುನಿಸಿಕೊಂಡಾನು, ಮುನಿಸಿಕೊಳ್ಳಲಿ ಬಿಡಿ.