ಸೋರುವ ಬಾಟಲಿ, ಶಾಯಿಯ ಬಕೀಟು: ಔಷಧಿಯ ಲೆಕ್ಕ ಕಲಿಸಿದ ಎರಡು ತರಗತಿ

ಬೋಧನಾಭ್ಯಾಸದ ಅಂಗವಾಗಿ ನಿಂಬರ್ಗಾದ ಪ್ರೌಢಶಾಲೆಯೊಂದರ 9ನೇ ತರಗತಿಯಲ್ಲಿ ‘ನುಂಗಿದ ಗುಳಿಗೆ ಎಲ್ಲಿಗೆ ಹೋಗುತ್ತದೆ?’ ಎಂಬ ಪಾಠ ಮಾಡಿದೆ. ಪೀಠಿಕೆಯಲ್ಲೇ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಮೇಡಂ, ನಮ್ಮವ್ವ ಜ್ವರ ಬಂದ್ರ 650ರ ಗುಳಿಗಿ ಎರಡು ಒಮ್ಮೆಗೇ ನುಂಗ್ತಾಳ್ರಿ. ಎರಡ್ಪಟ್ಟು ಹೊತ್ತು ತಡೀತದಲ್ರಿ?” ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಪಾಠದ ಉದ್ದೇಶವಾಯಿತು.

ಮೊದಲ ದಿನ

ಇಡೀ ದೇಹವನ್ನು ಒಂದೇ ಪಾತ್ರೆಯೆಂದು ಭಾವಿಸಿ ಔಷಧಿಯ ಲೆಕ್ಕ ಹಾಕುವುದು ಏಕಕೋಷ್ಠ ಮಾದರಿ. ಅದನ್ನು ತೋರಿಸಲು ತಳದಲ್ಲಿ ತೂತಿರುವ ಬಾಟಲಿಗೆ ನೀರು ತುಂಬಿದೆ. ಅರ್ಧಕ್ಕೆ ಇಳಿಯಲು ಸುಮಾರು 60 ಸೆಕೆಂಡು ಬೇಕಾಯಿತು. ಉಳಿದದ್ದರ ಅರ್ಧಕ್ಕೆ 42 ಸಾಕಾಯಿತು. ‘ಅರ್ಧಾಯು ಬದಲಾಗುವುದಿಲ್ಲ’ ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು ನನ್ನ ಮುಖ ನೋಡಿದರು.

ತಪ್ಪು ಉಪಕರಣದ ಆಯ್ಕೆಯಲ್ಲಿತ್ತು. ನೀರು ಸೋರುವ ವೇಗ ಅದರ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಹೆಚ್ಚಿನ ಔಷಧಿಗಳು ಮಾತ್ರ ಎಷ್ಟು ಉಳಿದಿವೆಯೋ ಅದಕ್ಕೆ ನೇರ ಅನುಪಾತದಲ್ಲಿ ಹೊರಹೋಗುತ್ತವೆ. ಜೊತೆಗೆ, ದೇಹದ ನೀರು ಬರಿದಾಗುವುದಿಲ್ಲ. ಅದರಲ್ಲಿನ ಔಷಧಿಯಷ್ಟೇ ಕಡಿಮೆಯಾಗುತ್ತದೆ.

ಎರಡನೇ ದಿನ

ಬಕೀಟಿನ 5 ಲೀಟರ್ ನೀರಿಗೆ ಶಾಯಿ ಬೆರೆಸಿದೆವು. ಪ್ರತಿ ‘ತಾಸಿಗೆ’ 1 ಲೀಟರ್ ತೆಗೆದು, ಅಷ್ಟೇ ತಿಳಿನೀರು ಹಾಕಿ ಕಲಕಿದೆವು. ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಶಾಯಿಯನ್ನು 650 ಮಿ.ಗ್ರಾಂ. ಎಂದುಕೊಂಡರೆ ಉಳಿಯುವುದು 520, 416, 333: ಮೂರು ತಾಸಿಗೆ ಸುಮಾರು ಅರ್ಧ. ಪ್ಯಾರಾಸಿಟಮಾಲ್‌ನ ಅರ್ಧಾಯುವೂ ಸಾಮಾನ್ಯವಾಗಿ 2ರಿಂದ 3 ತಾಸು. ಬಳಿಕ 1300ರಿಂದ ಶುರು ಮಾಡಿದೆವು: 1040, 832, 666.

ಅದೇ ವಿದ್ಯಾರ್ಥಿನಿ ಎದ್ದು ಹೇಳಿದಳು: “ಎರಡು ನುಂಗಿದ್ರೂ ಮೂರೇ ತಾಸು ಹೆಚ್ಚಿಗಿ ಸಿಕ್ತದ್ರಿ.” ಯಕೃತ್ತಿಗೆ ಬೀಳುವ ಹೊರೆ ಮಾತ್ರ ಎರಡರಷ್ಟು. ಪ್ರಮಾಣ ಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನೇ ಕೆಡಿಸಬಲ್ಲದೆಂದು ಇಲ್ಲಿ ಸೇರಿಸಿದೆ.

ಮುಂದುವರಿಕೆ

ಸ್ವೀಡನ್‌ನ ಟಾರ್ಸ್ಟೆನ್ ಟಿಯೊರೆಲ್ 1937ರಲ್ಲೇ ಔಷಧಿಯ ಹಂಚಿಕೆಯನ್ನು ಇಂಥ ಕೋಷ್ಠಗಳಾಗಿ ವಿಂಗಡಿಸಿ ಸಮೀಕರಣ ಬರೆದಿದ್ದರು. ಎರಡನೇ ಬಕೀಟು ಇಟ್ಟು ಎರಡರ ನಡುವೆ ನೀರು ಅದಲುಬದಲು ಮಾಡಿದರೆ ದ್ವಿಕೋಷ್ಠ ಮಾದರಿ: ಮೊದಲನೆಯದು ರಕ್ತ, ಎರಡನೆಯದು ಸ್ನಾಯು ಮತ್ತು ಕೊಬ್ಬು. ರಕ್ತದ ಬಣ್ಣ ಮೊದಲು ಬೇಗ, ಆಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಅರಿವಳಿಕೆಯ ಥಯೋಪೆಂಟಲ್ ಒಂದು ಬಾರಿ ಕೊಟ್ಟರೆ ರೋಗಿ ಬೇಗ ಎಚ್ಚರಗೊಳ್ಳುವುದು ಔಷಧಿ ದೇಹ ಬಿಟ್ಟಿದ್ದರಿಂದಲ್ಲ, ಮಿದುಳಿನಿಂದ ಬೇರೆ ಅಂಗಾಂಶಗಳಿಗೆ ಸರಿದಿದ್ದರಿಂದ.

ಆತ್ಮಾವಲೋಕನ

ಗುಳಿಗೆ ರಕ್ತ ಸೇರಲು ಹಿಡಿಯುವ ಸಮಯವನ್ನು ನಮ್ಮ ಬಕೀಟು ತೋರಿಸುವುದಿಲ್ಲ. ಎಷ್ಟು ಗುಳಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ಇದನ್ನು ತರಗತಿಯಲ್ಲಿ ಸ್ಪಷ್ಟಪಡಿಸಿದೆ. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ: ಮಾದರಿಯನ್ನು ತರಗತಿಗೆ ಒಯ್ಯುವ ಮುನ್ನ ಗಡಿಯಾರ ಹಿಡಿದು ಒಮ್ಮೆ ಅಳೆದು ನೋಡಿ. ನಾನು ಅಳೆದಿರಲಿಲ್ಲ, ಮಕ್ಕಳು ಅಳೆದರು.